ಒಂದು ಸುತ್ತು, 75 ಸೆಕೆಂಡು

ಗಣಿತ ಬೋಧನಾ ವಿಧಾನದ ತರಗತಿಯಲ್ಲಿ ‘ಸರಾಸರಿ ವೇಗ’ದ ಮೇಲೆ ಪಾಠಯೋಜನೆ ಬರೆಯಿರಿ ಎಂದರೆ ಪ್ರಶಿಕ್ಷಣಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ ರೈಲನ್ನೇ ತರುತ್ತಾರೆ. ಒಂದು ರೈಲು ‘ಅ’ ಊರಿನಿಂದ ‘ಬ’ ಊರಿಗೆ ಹೊರಡುತ್ತದೆ. ಅದು ಎಂದೂ ತಡವಾಗುವುದಿಲ್ಲ, ಅದರೊಳಗೆ ಯಾರೂ ಕೂತಿರುವುದೂ ಇಲ್ಲ. ಈ ಖಾಲಿ ರೈಲಿನಿಂದ ಬೇಸತ್ತು ನಾನು ಕೆಲವು ವರ್ಷಗಳಿಂದ ಬೇರೆ ಎರಡು ಸಂಖ್ಯೆಗಳನ್ನು ಕೊಡುತ್ತಿದ್ದೇನೆ: ದೂರ 10,000 ಮೀಟರ್, ಕಾಲ 31 ನಿಮಿಷ 14.31 ಸೆಕೆಂಡು. 400 ಮೀಟರಿನ ಓಟಪಥದಲ್ಲಿ ಇದು 25 ಸುತ್ತು. 1874.31 ಸೆಕೆಂಡನ್ನು 25ರಿಂದ ಭಾಗಿಸಿದರೆ ಸುತ್ತೊಂದಕ್ಕೆ 74.97, ಅಂದರೆ 75 ಸೆಕೆಂಡು ಎನ್ನಬಹುದು. ನೂರು ಮೀಟರಿಗೆ ಸುಮಾರು 18.7 ಸೆಕೆಂಡು, ಗಂಟೆಗೆ 19 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಲೆಕ್ಕ ಮುಗಿದ ಮೇಲೆ ಹೆಸರು ಹೇಳುತ್ತೇನೆ. ಹೀಗೆ ಓಡಿದವರು ಸ್ಕಾಟ್ಲೆಂಡಿನ ಲಿಜ್ ಮೆಕಾಲ್ಗನ್. ಓಡಿದ್ದು 1991ರ ಆಗಸ್ಟ್ 30ರಂದು, ಟೋಕಿಯೊದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ. ಆ ದಿನ ಅವರ ಮಗಳಿಗೆ ಒಂಬತ್ತು ತಿಂಗಳು. ಈ ಕೊನೆಯ ವಾಕ್ಯ ಬರುವವರೆಗೂ ತರಗತಿಯಲ್ಲಿ ಕ್ಯಾಲ್ಕ್ಯುಲೇಟರಿನ ಸದ್ದು ಇರುತ್ತದೆ. ಆಮೇಲೆ ಇರುವುದಿಲ್ಲ.

ನಾನು ಓಟಗಾರ್ತಿಯಲ್ಲ. ಬಸ್ ಹಿಡಿಯಲು ಓಡಿದ್ದೇ ನನ್ನ ಕ್ರೀಡಾಜೀವನ. ಆದರೂ ಈ ಒಬ್ಬರ ಓಟದ ಕಥೆಯನ್ನು ನಾನು ಬಿಡದೆ ಹಿಂಬಾಲಿಸಿದ್ದೇನೆ. ಅವರು ಗೆದ್ದದ್ದು ಒಂದು ಕಾರಣ, ನಿಜ. ಅದಕ್ಕಿಂತ ಹೆಚ್ಚಾಗಿ ಅವರಲ್ಲಿ ಒಂದು ಕೊರತೆ ಇತ್ತು, ಆ ಕೊರತೆಯನ್ನು ಅವರು ನಿಭಾಯಿಸಿದ ರೀತಿ ಬೋಧನಾಭ್ಯಾಸದ ವೀಕ್ಷಣೆ ಮಾಡುವ ನನ್ನಂಥವರಿಗೆ ತುಂಬ ಹತ್ತಿರದ ವಿಷಯ. ಅದಕ್ಕೆ ಬರುವ ಮುಂಚೆ ಅವರ ಊರಿನ ಬಗ್ಗೆ ಸ್ವಲ್ಪ ಹೇಳಬೇಕು.

ಲಿಜ್ ಹುಟ್ಟಿದ್ದು 1964ರಲ್ಲಿ, ಡಂಡೀ ಎಂಬ ಊರಿನಲ್ಲಿ. ಆಗ ಎಲಿಜಬೆತ್ ಲಿಂಚ್. ಡಂಡೀ ಎಂದರೆ ನಮಗೆ ದೂರದ ಹೆಸರು, ಆದರೆ ಆ ಊರಿನ ಅನ್ನ ನಮ್ಮ ಕಡೆಯಿಂದಲೇ ಹೋಗಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ಸೆಣಬು ಹಡಗೇರಿ ಡಂಡೀಗೆ ಹೋಗುತ್ತಿತ್ತು. ಅಲ್ಲಿ ತಿಮಿಂಗಿಲದ ಎಣ್ಣೆ ಹಾಕಿ ನಾರನ್ನು ಮೃದುಮಾಡಿ, ನೂತು, ನೇಯ್ದು, ಗೋಣಿಬಟ್ಟೆ ಮಾಡಿ ಲೋಕಕ್ಕೆಲ್ಲ ಮಾರುತ್ತಿದ್ದರು. ಗೋಣಿಚೀಲದ ಮೇಲೆ ನಿಂತ ಊರು ಅದು. ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಅವರಿಗೆ ಕೂಲಿ ಕಡಿಮೆ ಕೊಟ್ಟರೆ ಸಾಕು ಎಂಬ ಕಾರಣಕ್ಕೆ. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರಿಗೆ ‘ಕೆಟಲ್ ಕುದಿಸುವವರು’ ಎಂಬ ಅಡ್ಡಹೆಸರು ಬಿದ್ದಿತ್ತು. ಲಿಜ್ ಬೆಳೆಯುವ ಹೊತ್ತಿಗೆ ಕೊಲ್ಕತ್ತದ ಗಿರಣಿಗಳೆದುರು ಡಂಡೀಯ ಉದ್ಯಮ ಸೋತು ಸೊರಗಿತ್ತು. ಅವರ ಮನೆ ಇದ್ದದ್ದು ಊರಂಚಿನ ವಿಟ್‌ಫೀಲ್ಡ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ.

ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಮಾತಿನ ಮೇಲೆ ಹುಡುಗಿ ಹಾಕ್‌ಹಿಲ್ ಹ್ಯಾರಿಯರ್ಸ್ ಎಂಬ ಊರಿನ ಓಟದ ಸಂಘ ಸೇರಿದಳು. ಅಲ್ಲಿ ಹ್ಯಾರಿ ಬೆನೆಟ್ ಎಂಬ ತರಬೇತುದಾರರು ಅವಳನ್ನು ತಿದ್ದಿದರು. ಯಾವ ಆಟಗಾರನ ಜೀವನಚರಿತ್ರೆ ತೆರೆದರೂ ಮೊದಲ ಅಧ್ಯಾಯದಲ್ಲಿ ಇಂಥ ಶಿಕ್ಷಕರೊಬ್ಬರು ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತಾರೆ. ಆ ಒಂದು ಸಾಲಿನ ಹಿಂದೆ ಎಷ್ಟು ಸಂಜೆಗಳಿರುತ್ತವೆ ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತು. ಶಾಲೆ ಮುಗಿದ ಮೇಲೆ ಲಿಜ್ ಸೆಣಬಿನ ಗಿರಣಿಯಲ್ಲೂ ಕೆಲಸ ಮಾಡಿದರು. ಆಮೇಲೆ ಓಟದ ಬಲದಿಂದಲೇ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕಕ್ಕೆ ಹೋದರು, ಮೊದಲು ಐಡಹೋದ ರಿಕ್ಸ್ ಕಾಲೇಜು, ನಂತರ ಅಲಬಾಮಾ ವಿಶ್ವವಿದ್ಯಾಲಯ. 1986ರಲ್ಲಿ ಅಲ್ಲಿನ ಅಂತರಕಾಲೇಜು ಒಳಾಂಗಣ ಕೂಟದಲ್ಲಿ ಒಂದು ಮೈಲಿ ಓಟ ಗೆದ್ದರು.

ಅದೇ ವರ್ಷ ಎಡಿನ್‌ಬರೋದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ದಕ್ಷಿಣ ಆಫ್ರಿಕಾದ ವರ್ಣಭೇದದ ಬಗ್ಗೆ ಥ್ಯಾಚರ್ ಸರ್ಕಾರ ತಳೆದ ನಿಲುವನ್ನು ವಿರೋಧಿಸಿ 59ರಲ್ಲಿ 32 ದೇಶಗಳು ಬಹಿಷ್ಕಾರ ಹಾಕಿದ್ದವು. ಭಾರತವೂ ಹೋಗಲಿಲ್ಲ, ಹಾಗಾಗಿ ನಮ್ಮ ಪತ್ರಿಕೆಗಳಲ್ಲಿ ಆ ಕೂಟದ ನೆನಪು ತೆಳು. ಆತಿಥೇಯ ಸ್ಕಾಟ್ಲೆಂಡಿಗೆ ಅಥ್ಲೆಟಿಕ್ಸ್‌ನಲ್ಲಿ ಬಂದದ್ದು ಒಂದೇ ಚಿನ್ನ. ಅದನ್ನು ತಂದವರು 22 ವರ್ಷದ ಲಿಜ್ ಲಿಂಚ್, 10,000 ಮೀಟರಿನಲ್ಲಿ, 31 ನಿಮಿಷ 41.42 ಸೆಕೆಂಡಿನಲ್ಲಿ.

ಇಲ್ಲಿ ಒಂದು ಮಾತು. ಹೆಂಗಸರ 10,000 ಮೀಟರ್ ಓಟ ಕಾಮನ್‌ವೆಲ್ತ್ ಕೂಟಕ್ಕೆ ಬಂದದ್ದೇ 1986ರಲ್ಲಿ. ವಿಶ್ವ ಚಾಂಪಿಯನ್‌ಷಿಪ್‌ಗೆ 1987ರಲ್ಲಿ, ಒಲಿಂಪಿಕ್ಸ್‌ಗೆ 1988ರಲ್ಲಿ. ಇಷ್ಟು ತಡವೇಕೆ ಎಂದರೆ 1928ಕ್ಕೆ ಹೋಗಬೇಕಾಗುತ್ತದೆ. ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಮುಗಿಸಿದ ಮೇಲೆ ಕೆಲವರು ದಣಿದು ನೆಲಕ್ಕೆ ಕುಸಿದರಂತೆ. ಪತ್ರಿಕೆಗಳು ಅದನ್ನು ದೊಡ್ಡದು ಮಾಡಿದವು, ಹೆಣ್ಣಿನ ದೇಹಕ್ಕೆ ಇದು ತಕ್ಕುದಲ್ಲ ಎಂಬ ತೀರ್ಮಾನ ಹೊರಬಿತ್ತು, ಓಟವನ್ನು ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಓಡಿದ ಮೇಲೆ ಗಂಡಸರೂ ಕುಸಿಯುತ್ತಾರೆ, ಅದಕ್ಕೆ ಯಾರೂ ಓಟ ನಿಲ್ಲಿಸಿಲ್ಲ. ಒಂದು ಸಲದ ವೀಕ್ಷಣೆಯಿಂದ 32 ವರ್ಷಕ್ಕೆ ಸಾಲುವ ತೀರ್ಪು. ವೀಕ್ಷಣಾ ಪುಸ್ತಕದಲ್ಲಿ ಷರಾ ಬರೆಯುವ ನಾವು ಈ ಪ್ರಸಂಗವನ್ನು ಓದಿಕೊಂಡಿರುವುದು ಒಳ್ಳೆಯದು. ಅಂತೂ ಲಿಜ್ ಓಡುವ ದೂರ ಅವರ ಕಣ್ಣೆದುರಿಗೇ ಹುಟ್ಟಿತು. ಮೂರೂ ಕೂಟಗಳ ಮೊದಲ ಓಟದಲ್ಲಿ ಅವರಿದ್ದರು: ಎಡಿನ್‌ಬರೋದಲ್ಲಿ ಮೊದಲನೆಯವರು, ರೋಮಿನಲ್ಲಿ ಐದನೆಯವರು, ಸೋಲ್‌ನಲ್ಲಿ ಎರಡನೆಯವರು.

ಆ ಸೋಲ್ ಓಟದಲ್ಲೇ ಅವರ ಕೊರತೆ ಜಗತ್ತಿಗೆ ಕಂಡದ್ದು. ವಿಶ್ವದಾಖಲೆ ಹೊಂದಿದ್ದ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯನ್‌ಸನ್ ಗಾಯದಿಂದ ನಡುವೆಯೇ ಹೊರಬಿದ್ದರು. ಲಿಜ್ ಮುಂದೆ ನಿಂತು ಓಟವನ್ನು ಎಳೆದುಕೊಂಡು ಹೋದರು. ಬೆನ್ನಿಗೇ ಸೋವಿಯತ್ ಒಕ್ಕೂಟದ ಓಲ್ಗಾ ಬೊಂಡಾರೆಂಕೊ. ಕೊನೆಯ ಸುತ್ತಿನಲ್ಲಿ ಬೊಂಡಾರೆಂಕೊ ಪಕ್ಕಕ್ಕೆ ಸರಿದು ಮುಂದೆ ಹೋಗಿಬಿಟ್ಟರು. 31 ನಿಮಿಷ 5.21 ಸೆಕೆಂಡು ಒಬ್ಬರದು, 31 ನಿಮಿಷ 8.44 ಸೆಕೆಂಡು ಇನ್ನೊಬ್ಬರದು. ಸುಮಾರು ಮೂರು ಸೆಕೆಂಡಿನ ಅಂತರ. ದೂರದ ಓಟಗಾರರಲ್ಲಿ ಕೆಲವರಿಗೆ ಕೊನೆಯಲ್ಲಿ ಸಿಡಿಯುವ ವೇಗವೊಂದು ಕೂಡಿಟ್ಟ ಹಣದಂತೆ ಉಳಿದಿರುತ್ತದೆ. ಲಿಜ್‌ಗೆ ಅದು ಇರಲಿಲ್ಲ. ಅವರ ಕಾಲಿಗೆ ಗೊತ್ತಿದ್ದದ್ದು ಒಂದೇ ಗತಿಯನ್ನು, ಬೇರೆಯವರಿಗೆ ಅಸಹನೀಯವಾಗುವಷ್ಟು ಹೊತ್ತು, ಹಿಡಿದುಕೊಂಡಿರುವುದು.

ಈಗ ಇಂಥ ವಿದ್ಯಾರ್ಥಿ ನಮ್ಮ ಕೈಗೆ ಸಿಕ್ಕಿದರೆ ನಾವೇನು ಮಾಡುತ್ತೇವೆ? ಹಿಮ್ಮಾಹಿತಿಯ ನಮೂನೆಯಲ್ಲಿ ‘ಸುಧಾರಿಸಬೇಕಾದ ಅಂಶಗಳು’ ಎಂಬ ಅಂಕಣ ಇರುತ್ತದೆ. ಅದರಲ್ಲಿ ‘ಕೊನೆಯ ಸುತ್ತಿನ ವೇಗ ಸಾಲದು’ ಎಂದು ಬರೆಯುತ್ತೇವೆ. ಮುಂದಿನ ವಾರವೂ ಅದನ್ನೇ ಬರೆಯುತ್ತೇವೆ. ಟೋಕಿಯೊದಲ್ಲಿ ಲಿಜ್ ಮಾಡಿದ್ದು ಬೇರೆ. ಕೊನೆಯ ಸುತ್ತಿಗೆ ಬಂದಾಗ ಯಾರ ಹತ್ತಿರವೂ ಆ ವೇಗ ಉಳಿದಿರಬಾರದು, ಹಾಗೆ ಓಟವನ್ನು ಕಟ್ಟಿದರು. ಬೆವರು ಆರದ, ಉಸಿರುಗಟ್ಟಿಸುವ ಸೆಕೆ. ಅಂಥ ಹವೆಯಲ್ಲಿ ಜಾಣರೆಲ್ಲ ಹಿಂದೆ ಅವಿತುಕೊಂಡು ಶಕ್ತಿ ಉಳಿಸುತ್ತಾರೆ. ಇವರು ಆರಂಭದಿಂದಲೇ ಮುಂದೆ ನಿಂತು ಗತಿ ಏರಿಸಿದರು, ಇಳಿಸಲೇ ಇಲ್ಲ. ಹಿಂದಿನ ಸಾಲು ಒಂದೊಂದು ಸುತ್ತಿಗೂ ತೆಳುವಾಗುತ್ತ ಹೋಯಿತು. ಎರಡನೆಯವರಾಗಿ ಚೀನಾದ ಝಾಂಗ್ ಹುವಾಂಡಿ ಗುರಿ ಮುಟ್ಟಿದಾಗ ಲಿಜ್ ಮುಟ್ಟಿ 20 ಸೆಕೆಂಡು ಕಳೆದಿತ್ತು. ಕೊನೆಯ ವೇಗದ ಪ್ರಶ್ನೆಯೇ ಏಳಲಿಲ್ಲ. ಬಿಬಿಸಿಯ ವೀಕ್ಷಕ ವಿವರಣೆಯಲ್ಲಿದ್ದ ಬ್ರೆಂಡನ್ ಫಾಸ್ಟರ್, ತಾವೇ ದೊಡ್ಡ ಓಟಗಾರರಾಗಿದ್ದವರು, ಬ್ರಿಟನ್ನಿನ ಗಂಡಸರು ಹೆಂಗಸರು ಯಾರೇ ಆಗಲಿ ದೂರದ ಓಟದಲ್ಲಿ ಇದಕ್ಕಿಂತ ದೊಡ್ಡದನ್ನು ಮಾಡಿಲ್ಲ ಎಂಬರ್ಥದ ಮಾತು ಆಡಿದರು.

ಈ ಓಟವನ್ನು ನಾನು ಪಾಠಯೋಜನೆಗೆ ಕೊಟ್ಟ ವರ್ಷಗಳಲ್ಲಿ ಒಂದು ವರ್ಷ ಹೆಚ್ಚು ನೆನಪಿದೆ. 16 ವಾರಗಳ ಶಾಲಾ ಇಂಟರ್ನ್‌ಷಿಪ್‌ಗೆ ಹೋಗಿದ್ದ ತಂಡದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಗೆ ಏಳು ತಿಂಗಳ ಕೂಸು ಇತ್ತು. ಪಾಠದಲ್ಲಿ ಆಕೆಗೆ ಮಿಂಚು ಇರಲಿಲ್ಲ. ಪೀಠಿಕೆಯಲ್ಲಿ ಕಥೆ ಕಟ್ಟುವುದು, ದನಿ ಏರಿಳಿಸುವುದು, ಕೊನೆಗೆ ಮಕ್ಕಳಿಂದ ಚಪ್ಪಾಳೆ ಹೊಡೆಸುವುದು, ಇವು ಯಾವುವೂ ಬರುತ್ತಿರಲಿಲ್ಲ. ನಿಧಾನವಾಗಿ, ಒಂದೇ ದನಿಯಲ್ಲಿ, ಒಂದು ಲೆಕ್ಕದಿಂದ ಇನ್ನೊಂದಕ್ಕೆ ನಡೆಯುತ್ತಿದ್ದಳು. ಸಹಪಾಠಿಗಳ ವೀಕ್ಷಣೆಯಲ್ಲಿ ‘ಉತ್ಸಾಹ ಕಡಿಮೆ’ ಎಂಬ ಷರಾ ಆಗಾಗ ಬರುತ್ತಿತ್ತು. ಅಭ್ಯಾಸ ಶಾಲೆಯ ಹಿರಿಯರೊಬ್ಬರು ಅವಳಿಗೆ ನೇರವಾಗಿಯೇ ಹೇಳಿದ್ದರು: ಒಂದು ವರ್ಷ ಬಿಟ್ಟು ಬಾ, ಮಗು ದೊಡ್ಡದಾಗಲಿ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಹಾಗೆ ಬಿಟ್ಟುಹೋದವರಲ್ಲಿ ಮರಳಿ ಬಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಅವಳೂ ಬಿಡುವ ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದಳು.

ಎಂಟನೆಯ ತರಗತಿಗೆ ಅವಳು ಮಾಡಿದ ಸರಾಸರಿ ವೇಗದ ಪಾಠ ಹೀಗಿತ್ತು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿದ 200 ಮೀಟರಿನ ಸುತ್ತು. ಲಿಜ್ ಗತಿಯಲ್ಲಿ ಓಡಬೇಕೆಂದರೆ ಸುತ್ತಿಗೆ 37.5 ಸೆಕೆಂಡು. ಇಷ್ಟೇನಾ ಎಂದು ಹುಡುಗರು ನಕ್ಕರು. ಮೊದಲು ಓಡಿದ ನಾಲ್ವರು 33, 34ರಲ್ಲಿ ಸುತ್ತು ಮುಗಿಸಿ ಎದೆಯುಬ್ಬಿಸಿ ನಿಂತರು. ‘ನಿಲ್ಲಬೇಡಿ, ಇನ್ನೊಂದು’ ಎಂದಳು ಅದೇ ಸಪ್ಪೆ ದನಿಯಲ್ಲಿ. ಎರಡನೆಯ ಸುತ್ತು 46, 48 ಆಯಿತು. ಮೂರನೆಯದನ್ನು ಮುಗಿಸಿದವನು ಒಬ್ಬನೇ. ‘ಇನ್ನು 47 ಸುತ್ತು ಬಾಕಿ’ ಎಂದು ಅವಳು ಹಲಗೆಯ ಮೇಲೆ ಬರೆದಾಗ ಯಾರೂ ನಗಲಿಲ್ಲ. ಆಮೇಲೆ ಬೇರೆ ಗುಂಪು ಓಡಿತು. ಅದರಲ್ಲಿ ಎಂದೂ ಕೈ ಎತ್ತದ ಹುಡುಗಿಯೊಬ್ಬಳು ಮೂರು ಸುತ್ತನ್ನೂ 43, 43, 44ರಲ್ಲಿ ಮುಗಿಸಿದಳು. ಅಷ್ಟನ್ನೂ ಹಲಗೆಗೆ ಇಳಿಸಿ ಮಕ್ಕಳಿಗೆ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು: 33 ಮತ್ತು 47ರಲ್ಲಿ ಓಡಿದವನ ಸರಾಸರಿ 40. ಎರಡು ಸುತ್ತನ್ನೂ 40ರಲ್ಲೇ ಓಡಿದವರ ಸರಾಸರಿಯೂ 40. ಇಬ್ಬರೂ ಒಂದೇ ತರಹ ಓಡಿದರೇ? ಸರಾಸರಿ ವೇಗಕ್ಕೂ ಏಕರೂಪ ವೇಗಕ್ಕೂ ಇರುವ ವ್ಯತ್ಯಾಸವನ್ನು ನಾನು ಇಷ್ಟು ವರ್ಷ ಹಲಗೆಯ ಮೇಲೆ ಗೆರೆ ಎಳೆದು ಹೇಳಿಕೊಡುತ್ತ ಬಂದವಳು. ಇಲ್ಲಿ ಮಕ್ಕಳ ಪಕ್ಕೆ ನೋವೇ ಅದನ್ನು ಹೇಳುತ್ತಿತ್ತು. ಒಬ್ಬ ಹುಡುಗ ಕೇಳಿದ: ಹಾಗಾದರೆ ಆ ಲಿಜ್ ಪ್ರತಿ ಸುತ್ತನ್ನೂ 75ರಲ್ಲೇ ಓಡಿದರಾ? ‘75 ಅನ್ನೋದು ಸರಾಸರಿ. ಅದರೊಳಗೆ ಏನಿದೆ ಅಂತ ಅದು ಹೇಳಲ್ಲ’ ಎಂದಳು. 40 ನಿಮಿಷದ ಅವಧಿ ಅಷ್ಟರಲ್ಲಿ ಮುಗಿದಿತ್ತು. ಸಮಾಪ್ತಿ ಎಂಬ ಹಂತ ಇರಲಿಲ್ಲ, ಅದಕ್ಕೆ ನಮೂನೆಯಲ್ಲಿ ಎರಡು ಅಂಕ ಇದೆ. ನಾನು ಆ ಎರಡು ಅಂಕ ಕೊಟ್ಟೆ, ಷರಾ ಅಂಕಣದಲ್ಲಿ ಕಾರಣವನ್ನೂ ಬರೆದೆ.

ಪಾಠ ಮುಗಿದ ಮೇಲೆ ಲಿಜ್ ಬಗ್ಗೆ ಇನ್ನಷ್ಟು ಹೇಳಿದೆ. ಮಗಳು ಐಲಿಷ್ ಹುಟ್ಟಿದ್ದು 1990ರ ನವೆಂಬರ್ ಕೊನೆಯಲ್ಲಿ. 1991ರ ಮಾರ್ಚ್‌ನಲ್ಲಿ, ಅಂದರೆ ನಾಲ್ಕು ತಿಂಗಳಿಗೆ, ಆಂಟ್‌ವರ್ಪ್‌ನ ವಿಶ್ವ ಕ್ರಾಸ್‌ಕಂಟ್ರಿ ಓಟದಲ್ಲಿ ಲಿಜ್‌ಗೆ ಕಂಚು. ಆಗಸ್ಟಿನಲ್ಲಿ ಟೋಕಿಯೊ ಚಿನ್ನ. ನವೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಬದುಕಿನ ಮೊದಲ ಮ್ಯಾರಥಾನ್ ಓಡಿ 2 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಗೆಲುವು. ಎಲ್ಲವೂ ಮಗುವಿನ ಮೊದಲ ಹುಟ್ಟುಹಬ್ಬದೊಳಗೆ. ಆ ವರ್ಷ ಬಿಬಿಸಿಯ ವರ್ಷದ ಕ್ರೀಡಾವ್ಯಕ್ತಿ ಪ್ರಶಸ್ತಿ ಅವರಿಗೇ ಬಂತು. ನಾನು ಇದನ್ನೆಲ್ಲ ಸಂಭ್ರಮದಿಂದ ಹೇಳುತ್ತಿದ್ದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ:

‘ಅವರು ಓಡೋವಾಗ ಮಗು ಯಾರ ಹತ್ರ ಇತ್ತು ಮೇಡಂ?’

ಸ್ಫೂರ್ತಿಯ ಕಥೆಗಳನ್ನು ನಾವು ಪ್ರಾರ್ಥನಾ ಸಭೆಯಲ್ಲಿ ಹೇಳಿಸುತ್ತೇವಲ್ಲ, ಅವುಗಳೆಲ್ಲ ಈ ಪ್ರಶ್ನೆಯೆದುರು ಬಾಯಿ ಮುಚ್ಚುತ್ತವೆ. ಪದಕ, ಸಮಯ, ದಾಖಲೆ ಎಲ್ಲ ಬರೆದಿಟ್ಟಿರುತ್ತಾರೆ, ಮಗು ಎತ್ತಿಕೊಂಡವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಇರುವುದಿಲ್ಲ. ನಾನು ಡಂಡೀ ಊರಿನ ಕೆಟಲ್ ಕುದಿಸುವವರ ಕಥೆ ಹೇಳಿದೆ. ಹೆಂಗಸು ಹೊರಗೆ ದುಡಿದು ಗಂಡಸು ಮನೆ ನೋಡಿಕೊಳ್ಳುವುದು ಆ ಊರಿಗೆ ಹೊಸದಲ್ಲ, ಬಡತನ ಅದನ್ನು ಕಲಿಸಿತ್ತು. ಲಿಜ್ ಪತಿ ಪೀಟರ್ ಕೂಡ ಸ್ಟೀಪಲ್‌ಚೇಸ್ ಓಟಗಾರ, ತರಬೇತಿಯ ವೇಳಾಪಟ್ಟಿ ಎಂದರೇನೆಂದು ಬಲ್ಲವರು. ಅವಳು ಕೇಳಿಸಿಕೊಂಡು ‘ಹೂಂ’ ಎಂದಳು. ನಮ್ಮ ಕೈಯಲ್ಲಿ ಇದ್ದದ್ದು ಸಣ್ಣ ಕೆಲಸ: ಅವಳ ಪಾಠಗಳನ್ನೆಲ್ಲ ಬೆಳಗಿನ ಮೊದಲ ಮೂರು ಅವಧಿಗೆ ಸರಿಸಿದೆವು, ವೀಕ್ಷಣೆಯ ಗಂಟೆಗಳನ್ನು ಅವುಗಳ ಬೆನ್ನಿಗೇ ಇಟ್ಟೆವು. ಸಣ್ಣ ವಿರಾಮಕ್ಕೆ ಅವಳ ಅತ್ತೆ ಕೂಸನ್ನು ಎತ್ತಿಕೊಂಡು ಶಾಲೆಯ ಹಿಂಬದಿಯ ಗೇಟಿಗೆ ಬರುತ್ತಿದ್ದರು. 16 ವಾರ ಹಾಗೆ ನಡೆಯಿತು. ಅರ್ಜಿ ಚೀಲದಲ್ಲೇ ಉಳಿಯಿತು. ಲಿಜ್ ಕಥೆ ಕೇಳಿ ಅವಳು ಉಳಿದಳು ಎಂದು ನಾನು ಹೇಳುವುದಿಲ್ಲ. ಉಳಿದದ್ದು ವೇಳಾಪಟ್ಟಿಯಿಂದ, ಮತ್ತು ಆ ಅತ್ತೆಯಿಂದ. ಆದರೆ ‘ಉತ್ಸಾಹ ಕಡಿಮೆ’ ಎಂಬ ಷರಾದ ಬಗ್ಗೆ ಸಹಪಾಠಿಗಳ ಜೊತೆ ಒಂದು ಮಧ್ಯಾಹ್ನ ಕೂತು ಮಾತಾಡಲು ಲಿಜ್ ನನಗೆ ನೆರವಾದರು. ಅವಳಿಗೆ ಇಲ್ಲದ ಮಿಂಚನ್ನು ಪ್ರತಿವಾರ ಕೇಳುವ ಬದಲು, ಇಡೀ ಅವಧಿ ಒಂದೇ ಗತಿ ಹಿಡಿಯುವ ಅವಳ ಶಕ್ತಿಗೆ ಹೊಂದುವ ಪಾಠ ಯಾವುದು ಎಂದು ಹುಡುಕಿದೆವು. ಪುನರಾವರ್ತನೆಯ ಪಾಠಗಳು, ಹಂತಹಂತದ ಸಾಧನೆಗಳು, ಹಿಂದುಳಿದ ಮಕ್ಕಳ ಗುಂಪು. ಅಲ್ಲಿ ಅವಳನ್ನು ಹಿಂದೆ ಹಾಕುವವರು ಆ ತಂಡದಲ್ಲಿ ಇರಲಿಲ್ಲ.

ಟೋಕಿಯೊ ನಂತರದ ಲಿಜ್ ವೃತ್ತಿಜೀವನ ಏರುತ್ತಲೇ ಹೋಗಲಿಲ್ಲ. 1992ರಲ್ಲಿ ಮೊದಲ ವಿಶ್ವ ಅರ್ಧ ಮ್ಯಾರಥಾನ್ ಚಾಂಪಿಯನ್‌ಷಿಪ್ ನಡೆದಾಗ ಅದನ್ನೂ ಗೆದ್ದರು. ಆದರೆ ಎಲ್ಲರೂ ಕಾದಿದ್ದ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಐದನೆಯ ಸ್ಥಾನ. ಅಂದು ಇಥಿಯೋಪಿಯಾದ ದೆರಾರ್ತು ತುಲು ಗೆದ್ದು, ಒಲಿಂಪಿಕ್ ಚಿನ್ನ ಪಡೆದ ಮೊದಲ ಕಪ್ಪು ಆಫ್ರಿಕನ್ ಮಹಿಳೆಯಾದರು, ಅದು ಇನ್ನೊಂದು ದೊಡ್ಡ ಕಥೆ. ಆಮೇಲೆ ಗಾಯಗಳು ಲಿಜ್‌ರನ್ನು ಬಹುಕಾಲ ಓಟದಿಂದ ದೂರವಿಟ್ಟವು. 1996ರಲ್ಲಿ ಮರಳಿ ಲಂಡನ್ ಮ್ಯಾರಥಾನ್ ಗೆದ್ದರು, ಅದೇ ವರ್ಷದ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 16ನೆಯವರಾದರು. ಒಲಿಂಪಿಕ್ ಚಿನ್ನ ಅವರಿಗೆ ಕೊನೆಗೂ ಬರಲಿಲ್ಲ.

1997ರ ಲಂಡನ್ ಮ್ಯಾರಥಾನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 42.195 ಕಿಲೋಮೀಟರ್ ಓಡಿದ ಮೇಲೆ ಕೀನ್ಯಾದ ಜಾಯ್ಸ್ ಚೆಪ್‌ಚುಂಬಾ ಅವರಿಗೆ 2 ಗಂಟೆ 26 ನಿಮಿಷ 51 ಸೆಕೆಂಡು, ಲಿಜ್‌ಗೆ 2 ಗಂಟೆ 26 ನಿಮಿಷ 52 ಸೆಕೆಂಡು. ಒಂದೇ ಸೆಕೆಂಡು. ಸೋಲ್‌ನ ಕೊರತೆ ಒಂಬತ್ತು ವರ್ಷದ ಮೇಲೂ ಹಾಗೆಯೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದು ನೀಗಲೇ ಇಲ್ಲ. ವಿಚಿತ್ರವೆಂದರೆ ಅವರ ಜೀವಮಾನದ ಅತ್ಯುತ್ತಮ ಮ್ಯಾರಥಾನ್ ಸಮಯ ಗೆದ್ದ ಓಟಗಳಲ್ಲಿ ಬಂದದ್ದಲ್ಲ, ಸೋತ ಈ ಓಟದಲ್ಲಿ ಬಂದದ್ದು. ಅಂಕಪಟ್ಟಿಯಲ್ಲಿ ರ‍್ಯಾಂಕ್ ಮಾತ್ರ ನೋಡುವ ಅಭ್ಯಾಸ ಇರುವವರಿಗೆ ಈ ಸಂಗತಿ ಕಾಣುವುದಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ನಾನು ಈ ಎರಡು ಸಮಯಗಳನ್ನೂ ಕೊಡುತ್ತೇನೆ. ಶೇಕಡಾವಾರು ವ್ಯತ್ಯಾಸ ಕಂಡುಹಿಡಿಯಿರಿ ಎಂದರೆ ದಶಮಾಂಶದ ಬಿಂದುವಿನ ಬಲಕ್ಕೆ ಸೊನ್ನೆಗಳು ಬರುತ್ತವೆ, ಒಬ್ಬಿಬ್ಬರು ತಪ್ಪಾಯಿತೆಂದು ಅಳಿಸಿ ಮತ್ತೆ ಮಾಡುತ್ತಾರೆ.

ಓಟ ಬಿಟ್ಟ ಮೇಲೆ ಲಿಜ್ ತಮ್ಮ ಹಳೆಯ ಹಾಕ್‌ಹಿಲ್ ಸಂಘದಲ್ಲೇ ಮಕ್ಕಳಿಗೆ ತರಬೇತಿ ಕೊಟ್ಟರು. ಐದು ಮಕ್ಕಳ ತಾಯಿ ಅವರು, ಮಾತಿನಲ್ಲಿ ನಯ ಕಡಿಮೆ ಎಂಬ ಹೆಸರೂ ಇದೆ. ಅವರ ಕೈಕೆಳಗೆ ಓಡಿದವರಲ್ಲಿ ಹಿರಿಮಗಳು ಐಲಿಷ್ ಒಬ್ಬಳು. ತಾಯಿ ಟೋಕಿಯೊದಲ್ಲಿ ಓಡಿದಾಗ ಒಂಬತ್ತು ತಿಂಗಳ ಕೂಸಾಗಿದ್ದ ಅದೇ ಹುಡುಗಿ. ಅವಳು ಮೊದಲು ಹೆಸರು ಮಾಡಿದ್ದು ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ತಂದೆಯ ಓಟದಲ್ಲಿ. ಅದರಲ್ಲೇ 2012ರ ಲಂಡನ್ ಒಲಿಂಪಿಕ್ಸ್‌ಗೂ ಹೋದಳು. ಆಮೇಲೆ ಕಿರಿದೂರದಿಂದ ಹಿರಿದೂರಕ್ಕೆ ನಿಧಾನವಾಗಿ ಸರಿದಳು. 2022ರಲ್ಲಿ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದ 10,000 ಮೀಟರ್ ಆರಂಭವಾದಾಗ ತಾಯಿ ಪ್ರೇಕ್ಷಕರ ನಡುವೆ ಇದ್ದರು, ಎಡಿನ್‌ಬರೋ ಗೆಲುವಿಗೆ 36 ವರ್ಷವಾಗಿತ್ತು. 24 ಸುತ್ತು ಕಳೆದರೂ ಕೀನ್ಯಾದ ಐರೀನ್ ಚೆಪ್ಟಾಯ್ ಬಿಟ್ಟುಕೊಡಲಿಲ್ಲ. ಕೊನೆಯ ತಿರುವು ದಾಟಿ ನೇರ ಓಟಕ್ಕೆ ಬಂದಾಗ ಐಲಿಷ್ ಸಿಡಿದಳು. ತಾಯಿಗೆ ಎಂದೂ ಒಲಿಯದ ಆ ಕೊನೆಯ ವೇಗ ಮಗಳ ಕಾಲಿನಲ್ಲಿತ್ತು. 30 ನಿಮಿಷ 48.60 ಸೆಕೆಂಡು, ಕೂಟದ ದಾಖಲೆ. ಗುರಿ ಮುಟ್ಟಿದವಳು ಓಟಪಥದ ಬೇಲಿಯ ಹತ್ತಿರ ಹೋಗಿ ತಾಯಿಯನ್ನು ತಬ್ಬಿಕೊಂಡಳು.

ಈ ವರ್ಷದ ತಂಡಕ್ಕೆ ತಾಯಿಮಗಳ ಎರಡೂ ಸಮಯ ಕೊಟ್ಟಿದ್ದೇನೆ. ಎಡಿನ್‌ಬರೋ 31 ನಿಮಿಷ 41.42, ಬರ್ಮಿಂಗ್‌ಹ್ಯಾಂ 30 ನಿಮಿಷ 48.60. ಇಬ್ಬರೂ ಒಟ್ಟಿಗೆ ಓಡಿದ್ದರೆ ಮಗಳು ಗುರಿ ಮುಟ್ಟುವ ಹೊತ್ತಿಗೆ ತಾಯಿ ಎಷ್ಟು ಮೀಟರ್ ಹಿಂದೆ ಇರುತ್ತಿದ್ದರು ಎಂಬುದು ಪ್ರಶ್ನೆ. ಸುಮಾರು 280 ಮೀಟರ್ ಎಂದು ಹೆಚ್ಚಿನವರು ಸರಿಯಾಗಿಯೇ ತಂದರು. ಒಬ್ಬಾಕೆ ಮಾತ್ರ ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ, ಇಬ್ಬರೂ ಒಟ್ಟಿಗೆ ಓಡಿದ್ದರೆ ತಾಯಿ ಆರಂಭದಿಂದಲೇ ಗತಿ ಏರಿಸುತ್ತಿದ್ದರು, ಆಗ ಎರಡು ಸಮಯಗಳೂ ಬೇರೆಯೇ ಇರುತ್ತಿದ್ದವು ಎಂದು ಬರೆದಿದ್ದಾಳೆ.